ಆನೆಗೊಂದಿಯ ಬಂಡೆಯನ್ನು ಆಟದೊಳಗೆ ತಂದ ಬಗೆ

ಗಂಗಾವತಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕುಳಿತು ನಾನೂ ನನ್ನ ಗೆಳೆಯನೂ ಮೂರು ವರ್ಷಗಳಿಂದ ಒಂದು ಮೊಬೈಲ್ ಗೇಮ್ ಕಟ್ಟುತ್ತಿದ್ದೇವೆ. ಹರಿಗೋಲು ನಡೆಸುವವನ ಮಗಳೊಬ್ಬಳು ಹೊಳೆಯ ಸದ್ದನ್ನು ಕದ್ದೊಯ್ದವನನ್ನು ಹುಡುಕುತ್ತಾ ಬಂಡೆಗಳ ನಾಡಿಗೆ ಹೋಗುವ ಕಥೆ ಅದು. ಅಲ್ಲಿ ಬಂಡೆಗಳು ರಾತ್ರಿ ಜಾಗ ಬದಲಿಸುತ್ತವೆ, ಕರಡಿಗಳು ಮಾತನಾಡುತ್ತವೆ. ಇಂಥ ನಾಡನ್ನು ಕಣ್ಣಿಗೆ ಕಂಡಂತೆಯೇ ತೋರಿಸಬೇಕೆ ಅಥವಾ ಒಂದು ಶೈಲಿಗೆ ಇಳಿಸಬೇಕೆ ಎಂದು ತೀರ್ಮಾನಿಸುವುದರಲ್ಲೇ ಒಂದೂವರೆ ವರ್ಷ ಕಳೆಯಿತು.

ಮೊದಲು ನಾವು ಹಿಡಿದದ್ದು ನೈಜತೆಯ ದಾರಿಯನ್ನೇ. ಆನೆಗೊಂದಿಯ ಬಂಡೆಗಳು ಇಷ್ಟು ಹತ್ತಿರದಲ್ಲಿರುವಾಗ ಕಲ್ಪಿಸಿಕೊಂಡು ಬಿಡಿಸುವುದೇಕೆ ಎನ್ನಿಸಿತ್ತು. ಒಂದೇ ಬಂಡೆಯನ್ನು ಸುತ್ತುತ್ತಾ, ಪ್ರತಿ ಚಿತ್ರದ ಬಹುಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ಇನ್ನೂರಕ್ಕೂ ಹೆಚ್ಚು ಫೋಟೊ ತೆಗೆದರೆ, ಅವುಗಳಲ್ಲಿ ಸಮಾನವಾದ ಬಿಂದುಗಳನ್ನು ಹುಡುಕಿ ಕಂಪ್ಯೂಟರ್ ಮೂರು ಆಯಾಮದ ಆಕಾರವನ್ನು ಕಟ್ಟುತ್ತದೆ. ಇದನ್ನೇ ಫೋಟೊಗ್ರಾಮೆಟ್ರಿ ಎನ್ನುತ್ತಾರೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಫೋಟೊ ತೆಗೆದದ್ದು ನಮ್ಮ ಮೊದಲ ತಪ್ಪು. ಬಂಡೆಯ ಬಣ್ಣದ ಜೊತೆಗೆ ಅದರ ಮೇಲಿನ ನೆರಳೂ ಟೆಕ್ಸ್ಚರಿನಲ್ಲಿ, ಅಂದರೆ ಆಕಾರದ ಮೇಲೆ ಹೊದಿಸುವ ಚಿತ್ರದಲ್ಲಿ, ಅಚ್ಚೊತ್ತಿಬಿಟ್ಟಿತ್ತು. ಆಟದೊಳಗೆ ಸಂಜೆಯಾದರೂ ಬಂಡೆಯ ಮೇಲೆ ಮಾತ್ರ ಏಪ್ರಿಲಿನ ನಡುಹಗಲು ಹಾಗೆಯೇ ಉಳಿಯುತ್ತಿತ್ತು. ಆಷಾಢದಲ್ಲಿ ಮೋಡ ಕವಿದ ಒಂದು ದಿನ ಮತ್ತೆ ಹೋಗಿ ಎಲ್ಲವನ್ನೂ ಮೊದಲಿನಿಂದ ಮಾಡಿದೆವು.

ಕಂಪ್ಯೂಟರ್ ಇಂಥ ಆಕಾರವನ್ನು ಪುಟ್ಟ ತ್ರಿಕೋನಗಳನ್ನು ಜೋಡಿಸಿ ಕಟ್ಟುತ್ತದೆ. ನಮಗೆ ಸಿಕ್ಕದ್ದರಲ್ಲಿ ಸುಮಾರು 30 ಲಕ್ಷ ತ್ರಿಕೋನಗಳಿದ್ದವು. ಫೋನಿಗೆ ಭಾರವಾಗದಿರಲೆಂದು ಅದನ್ನು 8 ಸಾವಿರಕ್ಕೆ ಇಳಿಸಿದೆವು. 4096 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಒಂದು ಟೆಕ್ಸ್ಚರ್, ಪಿಕ್ಸೆಲಿಗೆ 4 ಬೈಟಿನ ಲೆಕ್ಕದಲ್ಲಿ, 64 ಮೆಗಾಬೈಟ್ ಜಾಗ ನುಂಗುತ್ತದೆ. ಬಣ್ಣಕ್ಕೊಂದು, ಉಬ್ಬುತಗ್ಗಿಗೊಂದು, ಒರಟುತನಕ್ಕೊಂದು ಎಂದು ಬಂಡೆಗೆ ಮೂರು ಬೇಕು. ಸಂಕುಚಿಸಿದರೆ ಇದು ಕಾಲುಭಾಗಕ್ಕೆ ಇಳಿಯುವುದು ನಿಜ, ಆದರೆ ನಮ್ಮ ನಾಡಿನಲ್ಲಿದ್ದದ್ದು ಒಂದು ಬಂಡೆಯಲ್ಲವಲ್ಲ. ಸೆಕೆಂಡಿಗೆ 30 ಫ್ರೇಮ್ ಬೇಕೆಂದರೆ ಒಂದೊಂದು ಫ್ರೇಮನ್ನು 33 ಮಿಲಿಸೆಕೆಂಡಿನೊಳಗೆ ಬಿಡಿಸಿ ಮುಗಿಸಬೇಕು, ನಮ್ಮ ಹಳೆಯ ಫೋನು ಅದರ ಎರಡು ಪಟ್ಟು ಸಮಯ ತೆಗೆದುಕೊಳ್ಳುತ್ತಿತ್ತು.

ಆದರೂ ನಾವು ದಾರಿ ಬದಲಿಸಿದ್ದು ಫೋನಿನ ಬಡತನಕ್ಕಾಗಿ ಅಲ್ಲ. ಒಂದು ದಿನ ಅಕ್ಕನ ಮಗನಿಗೆ ಆಡಲು ಕೊಟ್ಟಿದ್ದೆ. ಹತ್ತು ನಿಮಿಷ ಒಂದೇ ಕಡೆ ಜಿಗಿದು ಜಿಗಿದು, "ಮಾಮಾ, ಈ ಗುಂಡು ಹತ್ತಾಕ ಬರತೈತೋ ಇಲ್ಲೋ?" ಎಂದು ಕೇಳಿದ. ಬಾರದು ಎಂದೆ. "ಮತ್ತ ಬರೂ ಹಂಗ ಯಾಕ ಕಾಣತೈತಿ?" ಎಂದ. ನಮ್ಮ ಊರಿನ ಹುಡುಗನಿಗೆ ಯಾವ ಬಂಡೆಯನ್ನು ಹತ್ತಬಹುದು ಎಂಬುದು ಕಾಲಿಗೇ ಗೊತ್ತು. ಬಂಡೆ ನಿಜದಂತೆ ಕಂಡಷ್ಟೂ ಅವನು ಅದರಿಂದ ನಿಜವಾದ ನಡವಳಿಕೆಯನ್ನೇ ನಿರೀಕ್ಷಿಸುತ್ತಿದ್ದ. ನೈಜವಾದ ಚಿತ್ರವೆಂದರೆ ಆಟಗಾರನಿಗೆ ಕೊಟ್ಟ ಮಾತು. ಕಲ್ಲಿಗೆ ಕೊಟ್ಟ ಮಾತನ್ನು ಮುಖಕ್ಕೆ, ಕೂದಲಿಗೆ, ನೀರಿಗೆ, ಬಟ್ಟೆಗೆ ಎಲ್ಲಕ್ಕೂ ನಡೆಸಿಕೊಡಬೇಕು. ಇಬ್ಬರಿಂದ ಅದು ಆಗುವ ಕೆಲಸವಲ್ಲ. ನಮ್ಮ ಹುಡುಗಿಯಂತೂ ಆ ಬಂಡೆಗಳ ನಡುವೆ ಅಂಗಡಿಯ ಪ್ಲಾಸ್ಟಿಕ್ ಗೊಂಬೆಯಂತೆ ಕಾಣುತ್ತಿದ್ದಳು.

ದೊಡ್ಡವರೂ ಈ ದಾರಿಯಲ್ಲಿ ತಿರುಗಿದ್ದಾರೆ. 2006ರ 'ಓಕಾಮಿ' ಎಂಬ ಜಪಾನಿ ಆಟ ಮೊದಲು ನೈಜ ಶೈಲಿಯಲ್ಲೇ ಆರಂಭವಾಗಿತ್ತು. ಅದು ಓಡಬೇಕಿದ್ದ ಪ್ಲೇಸ್ಟೇಷನ್ 2 ಯಂತ್ರಕ್ಕೆ ಆ ಭಾರ ಹೊರಲಾಗದೆ ಅದು ಜಪಾನಿನ ಮಸಿಕುಂಚದ ಶೈಲಿಗೆ ಬಂದಿತು. ನಿಂಟೆಂಡೊ ಕಂಪನಿಯ 'ಜೆಲ್ಡಾ' ಸರಣಿಯ 2002ರ ಆಟ 'ದ ವಿಂಡ್ ವೇಕರ್' ವ್ಯಂಗ್ಯಚಿತ್ರದಂತಿದೆ ಎಂದು ಮುನಿಸಿಕೊಂಡವರು ಅನೇಕರು, ಏಕೆಂದರೆ ಅದೇ ನಿಂಟೆಂಡೊ 2000ದಲ್ಲಿ ಅದೇ ಸರಣಿಯ ನೈಜವಾದ ತುಣುಕೊಂದನ್ನು ತೋರಿಸಿತ್ತು. ಇಂದು ನೋಡಿದರೆ ಆ ಕಾಲದ ನೈಜ ಆಟಗಳೇ ಹಳತಾಗಿ ಕಾಣುತ್ತವೆ, ಇದು ಹಾಗೆ ಕಾಣುವುದಿಲ್ಲ.

ನಾವೂ ಸೆಲ್ ಶೇಡಿಂಗ್ ಹಿಡಿದೆವು. ಮೇಲ್ಮೈಯ ಮೇಲೆ ಬೆಳಕು ಬೀಳುವ ಕೋನಕ್ಕೆ ತಕ್ಕಂತೆ ಮೆಲ್ಲಗೆ ಬದಲಾಗುವ ಛಾಯೆಯನ್ನು ಎರಡು ಮೂರು ಮೆಟ್ಟಿಲುಗಳಾಗಿ ಕತ್ತರಿಸುವುದೇ ಈ ಶೈಲಿ. ಅದಕ್ಕೆ ಬೇಕಾದ ಶೇಡರ್, ಅಂದರೆ ಬಣ್ಣ ಬೆಳಕಿನ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ, ಬರೆಯಲು ಒಂದು ವಾರ ಸಾಕಾಯಿತು. ಅಂಚಿನ ಗೆರೆಗೆ ಬಂಡೆಯ ಇನ್ನೊಂದು ಪ್ರತಿಯನ್ನು ತುಸು ಹಿಗ್ಗಿಸಿ, ಕಪ್ಪು ಬಳಿದು, ಬಂಡೆಯ ಹಿಂದಿನಿಂದ ಅಂಚಿನಲ್ಲಷ್ಟೇ ಇಣುಕುವಂತೆ ಅದರ ಮುಖಗಳನ್ನು ಒಳಕ್ಕೆ ತಿರುಗಿಸಿದೆವು. ಚೆಂದವಾಗಿಯೇ ಬಂದಿತು. ಆದರೆ ಅದು ಯಾವ ದೇಶದ ಬಂಡೆಯೂ ಆಗಬಹುದಿತ್ತು, ಆನೆಗೊಂದಿಯದ್ದಂತೂ ಆಗಿರಲಿಲ್ಲ. ಶೈಲಿಯೆಂದರೆ ವಿವರಗಳನ್ನು ಅಳಿಸುವುದು ಎಂದು ತಿಳಿದು, ಯಾವುದನ್ನು ಉಳಿಸಬೇಕೆಂದು ಯೋಚಿಸದೆ ಅಳಿಸಿದ್ದೆವು.

ಆಗ ಕಲ್ಲನ್ನು ಓದಲು ಕುಳಿತೆ. ನಮ್ಮ ಸುತ್ತಲಿನ ಈ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಗುಂಡುಗಳು ಎಲ್ಲಿಂದಲೋ ಉರುಳಿಬಂದು ಒಂದರ ಮೇಲೊಂದು ಕುಳಿತವಲ್ಲ. ಇಡೀ ಬಂಡೆ ನೇರವಾದ ಸೀಳುಗಳಲ್ಲಿ ಬಿರಿದು, ಆ ಸೀಳುಗಳಲ್ಲಿ ನೀರಿಳಿದು, ಮೂಲೆಗಳು ಮೊದಲು ಸವೆದು, ಇದ್ದಲ್ಲೇ ದುಂಡಗಾದವು. ಹೀಗಾಗಿ ಹೊರಗೆರೆ ದುಂಡು, ನಡುವಿನ ಸಂದು ನೇರ. ಈ ಎರಡನ್ನೇ ಉಳಿಸಿ ಉಳಿದದ್ದನ್ನೆಲ್ಲ ತೆಗೆದೆ. ಸಂದು ಇದ್ದ ಬಂಡೆ ಹತ್ತಲು ಬರುತ್ತದೆ, ಇಲ್ಲದ್ದು ಬರುವುದಿಲ್ಲ ಎಂಬ ನಿಯಮವೂ ಅದರಿಂದಲೇ ಹುಟ್ಟಿತು. ಅಕ್ಕನ ಮಗ ಮತ್ತೆ ಕೇಳಲಿಲ್ಲ.

ಕರಡಿಯ ವಿಷಯದಲ್ಲಿ ತೊಗಲುಗೊಂಬೆ ನೆರವಾಯಿತು. ನಮ್ಮದೇ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗಲೇ ನಾನು ಆ ಕಲೆಯನ್ನು ಗಮನವಿಟ್ಟು ನೋಡಿದ್ದು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆ ಗೊಂಬೆಗಳಲ್ಲಿ ಅಳತೆಯನ್ನು ಮೈ ನಿರ್ಧರಿಸುವುದಿಲ್ಲ, ಪಾತ್ರದ ಸ್ಥಾನಮಾನ ನಿರ್ಧರಿಸುತ್ತದೆ: ಅರಸ ದೊಡ್ಡವನು, ಸೇವಕ ಚಿಕ್ಕವನು. ದರೋಜಿಯ ಕರಡಿಧಾಮದಲ್ಲಿ ಕಂಡ ಕರಡಿಯ ಕೂದಲನ್ನು ಒಂದೊಂದಾಗಿ ಬಿಡಿಸಲು ಹೊರಟಿದ್ದವನು ಅದನ್ನು ಕೈಬಿಟ್ಟು, ಮಾಸಲು ಮೂತಿ, ಎದೆಯ ಬಿಳಿ ಪಟ್ಟಿ, ನೀಳ ಉಗುರು ಇಷ್ಟನ್ನೇ ಇಟ್ಟುಕೊಂಡೆ. ಅಜ್ಜ ಕರಡಿಯನ್ನು ಹುಡುಗಿಯ ಮೂರು ಪಟ್ಟು ಎತ್ತರ ಮಾಡಿದೆ. ಬಣ್ಣಗಳನ್ನು ಕಿನ್ನಾಳದ ಮರದ ಗೊಂಬೆಗಳಿಂದ ಆರಿಸಿಕೊಂಡೆ. ಹುಣಸೆಬೀಜದ ಅಂಟಿನಲ್ಲಿ ಬಟ್ಟೆ ಮೆತ್ತಿ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟ ಮೇಲೆಯೇ ಅಲ್ಲಿ ಬಣ್ಣ ಕೂರುವುದು, ಆದ್ದರಿಂದ ಕೆಂಪು, ಹಳದಿಗಳು ಮರದ ಬಣ್ಣದೊಂದಿಗೆ ಬೆರೆಯದೆ ಗಟ್ಟಿಯಾಗಿ ನಿಲ್ಲುತ್ತವೆ.

ಸದ್ದನ್ನು ಮಾತ್ರ ನೈಜವಾಗಿಯೇ ಬಿಟ್ಟಿದ್ದೇವೆ. ಬರಿಗಾಲಿನಲ್ಲಿ ಬಂಡೆಯ ಮೇಲೆ ನಡೆದ ಸದ್ದು, ಹರಿಗೋಲಿಗೆ ಹುಟ್ಟು ತಾಗಿದ ಸದ್ದು ಎಲ್ಲವೂ ಸ್ಥಳದಲ್ಲೇ ಹಿಡಿದವು. ಚಿತ್ರ ಸರಳವಾದಷ್ಟೂ ಕಿವಿಗೆ ನಿಜ ಬೇಕೆನ್ನುವುದು ನನ್ನ ಅಭಿಪ್ರಾಯ, ಗೆಳೆಯ ಇದನ್ನು ಒಪ್ಪುವುದಿಲ್ಲ. ಹೊಳೆಯ ನೀರು ಇನ್ನೂ ಒಲಿದಿಲ್ಲ: ಅಲೆಗಳನ್ನು ಗೆರೆಗಳಾಗಿ ಬರೆದರೆ ಕೆರೆಯಂತಾಗುತ್ತದೆ, ಹರಿವನ್ನು ಲೆಕ್ಕ ಹಾಕಿಸಿದರೆ ಹರಿಗೋಲು ನೀರಿನಿಂದ ಬೇರೆಯಾಗಿ ತೇಲುತ್ತದೆ. ಈ ಸಲ ಜಲಾಶಯದಿಂದ ನೀರು ಬಿಟ್ಟಾಗ ದಡದಲ್ಲಿ ಕುಳಿತು, ಕ್ಯಾಮೆರಾ ಒಯ್ಯದೆ, ಪೆನ್ಸಿಲಿನಲ್ಲಿ ಬರೆದುಕೊಂಡು ಬರಬೇಕೆಂದಿದ್ದೇನೆ.