60 ಫ್ರೇಮ್ ಸಾಕು ಅಂತ ತೀರ್ಮಾನಿಸಿ ಕಟ್ಟಿದ 4ಕೆ ಗೇಮಿಂಗ್ ಪಿಸಿ

ನನ್ನ ಮೇಜಿಗೆ ಮೊದಲು ಬಂದದ್ದು ಮಾನಿಟರ್. ದಿನವಿಡೀ ಅಕ್ಷರ ನೋಡುವ ಕೆಲಸ ನನ್ನದು. ಕಣ್ಣಿಗೆ ಹಿತವಾಗಿರಲಿ ಅಂತ 27 ಇಂಚಿನ 4ಕೆ ಮಾನಿಟರ್ ತಂದಿದ್ದೆ. 60 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು, ಗೇಮಿಂಗ್‌ಗೆ ಅಂತ ಮಾಡಿದ್ದಲ್ಲ. ಒಂದು ರಾತ್ರಿ ಕೆಲಸ ಮುಗಿಸಿ ಅದರಲ್ಲೇ ಗೇಮ್ ತೆರೆದೆ. ಹಳೆಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡು ಏದುಸಿರು ಬಿಡತೊಡಗಿತು. ಪರದೆಯ ಮೂಲೆಯಲ್ಲಿ ಸೆಕೆಂಡಿಗೆ 19 ಫ್ರೇಮ್, ಅಂದರೆ 19 ಚಿತ್ರ ಅಂತ ತೋರಿಸುತ್ತಿತ್ತು. ಆಡೋಕೆ ಆಗುತ್ತಿರಲಿಲ್ಲ. ಆದರೆ ಒಂದು ಕಡೆ ಸುಮ್ನೆ ನಿಂತು ನೋಡಿದರೆ ಹುಲ್ಲಿನ ಎಸಳು ಎಸಳೂ ಬೇರೆ ಬೇರೆ ಕಾಣುತ್ತಿತ್ತು. ಅಲ್ಲಿಗೆ ಹೊಸ ಪಿಸಿಯ ಹುಚ್ಚು ಹಿಡಿಯಿತು.

ಹುಚ್ಚು ಇತ್ತು, ದುಡ್ಡು ಅಷ್ಟಿರಲಿಲ್ಲ. ಒಂದು ಮೊತ್ತ ಗಟ್ಟಿ ಮಾಡಿಕೊಂಡೆ. ಅದನ್ನು ನೂರು ಭಾಗ ಅಂದುಕೊಂಡು ಹಂಚತೊಡಗಿದೆ. ಮೊದಲ ಪಟ್ಟಿ ಈಗಲೂ ನನ್ನ ಹತ್ತಿರ ಇದೆ, ನೋಡಿದರೆ ನಗು ಬರುತ್ತದೆ. ಪ್ರೊಸೆಸರ್‌ಗೆ 28 ಭಾಗ, ಅದಕ್ಕೆ ತಕ್ಕ ದುಬಾರಿ ಮದರ್‌ಬೋರ್ಡ್‌ಗೆ 15, ಲಿಕ್ವಿಡ್ ಕೂಲರ್‌ಗೆ 9. ಗ್ರಾಫಿಕ್ಸ್ ಕಾರ್ಡಿಗೆ ಉಳಿದದ್ದು 30. ಮಿಕ್ಕ 18ರಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್ ಎಲ್ಲ. ಪಿಸಿಗೆ ಕರೆಂಟ್ ಹಂಚುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಹಳೆಯದೇ ನಡೆಯುತ್ತೆ ಅಂತ ಲೆಕ್ಕ. ಆ ಕೊನೆಯ ಲೆಕ್ಕದ ಕಥೆ ಮುಂದೆ ಹೇಳುತ್ತೇನೆ.

ಇಷ್ಟೊಂದು ಪ್ರೊಸೆಸರ್ ಮೋಹ ಯಾಕೆ ಬಂತು ಅಂದರೆ, ನಾನು ನೋಡಿದ ವಿಮರ್ಶೆಗಳಲ್ಲಿ ದುಬಾರಿ ಪ್ರೊಸೆಸರ್ 200 ಫ್ರೇಮ್ ಕೊಡುತ್ತಿತ್ತು, ಅಗ್ಗದ್ದು 150. ಕಾಲು ಭಾಗ ಕಳೆದುಕೊಳ್ಳಬೇಕಾ ಅನ್ನಿಸಿತು. ಆ ಪರೀಕ್ಷೆಗಳೆಲ್ಲ 4ಕೆಗಿಂತ ತುಂಬಾ ಕಡಿಮೆ ಪಿಕ್ಸೆಲ್ಲಿನ 1080ಪಿಯಲ್ಲಿ, ಅದೂ ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ ಮಾಡಿದ್ದು. ಬೇಕಂತಲೇ ಹಾಗೆ ಮಾಡುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಅಡ್ಡ ಬರದಿದ್ದರೆ ತಾನೇ ಪ್ರೊಸೆಸರ್‌ಗಳ ನಡುವಿನ ವ್ಯತ್ಯಾಸ ಕಾಣೋದು? ಪರೀಕ್ಷೆ ಸರಿಯಾಗಿತ್ತು, ನಾನು ಓದಿದ್ದು ತಪ್ಪಾಗಿತ್ತು. ನನ್ನ ಮಾನಿಟರ್ ತೋರಿಸೋದೇ 60. 150 ಆದರೇನು, 200 ಆದರೇನು?

ಕೆಲಸ ಹಂಚಿಕೊಳ್ಳುವ ರೀತಿ ನೋಡಿ. ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಎಲ್ಲಿ ತಗುಲಿತು, ಕಾರು ಯಾವ ಕಡೆ ತಿರುಗಿತು, ಇದೆಲ್ಲ ಪ್ರೊಸೆಸರ್‌ನ ಲೆಕ್ಕ. ಪರದೆ ದೊಡ್ಡದಾಗಲಿ ಚಿಕ್ಕದಾಗಲಿ, ಒಂದು ಫ್ರೇಮಿಗೆ ಆ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಬಣ್ಣ ತುಂಬುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ, ಅದು ಪಿಕ್ಸೆಲ್ ಹೆಚ್ಚಾದಂತೆ ಹೆಚ್ಚುತ್ತದೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. 1440ಪಿಯಲ್ಲಿ 36.9 ಲಕ್ಷ. 4ಕೆ ಅಂದರೆ 3840 ಗುಣಿಸು 2160, ಹತ್ತಿರ ಹತ್ತಿರ 83 ಲಕ್ಷ. 1080ಪಿಯ ಸರಿಯಾಗಿ ನಾಲ್ಕು ಪಟ್ಟು. 60 ಫ್ರೇಮ್ ಬೇಕಂದರೆ ಈ 83 ಲಕ್ಷ ಚುಕ್ಕೆಗಳನ್ನು 16.7 ಮಿಲಿಸೆಕೆಂಡಿನೊಳಗೆ ತುಂಬಿ ಮುಗಿಸಬೇಕು.

ಇದನ್ನು ನನ್ನ ಹಳೆಯ ಪಿಸಿಯಲ್ಲೇ ಪರೀಕ್ಷೆ ಮಾಡಿ ನೋಡಿದೆ. ಹೊಸ ಪಿಸಿಗೆ ದುಡ್ಡು ಹಾಕುವ ಮೊದಲು ನೀವೂ ಮಾಡಿ, ಖರ್ಚಿಲ್ಲ. ಒಂದೇ ಗೇಮ್, ಒಂದೇ ಜಾಗ, ಒಂದೇ ಸೆಟ್ಟಿಂಗ್. ರೆಸಲ್ಯೂಷನ್ ಮಾತ್ರ ಬದಲಿಸುತ್ತಾ ಹೋಗಿ. ನನಗೆ 4ಕೆಯಲ್ಲಿ 19, 1080ಪಿಯಲ್ಲಿ 58, 720ಪಿಯಲ್ಲಿ 71 ಬಂತು. ಅದಕ್ಕಿಂತ ಕೆಳಗೆ ಇಳಿಸಿದರೂ 71 ದಾಟಲಿಲ್ಲ. ಅಂದರೆ 71 ನನ್ನ ಹಳೆಯ ಐ5-6500ರ ಮಿತಿ. 2015ರ ನಾಲ್ಕು ಕೋರಿನ ಆ ಪ್ರೊಸೆಸರೇ ಸರಾಸರಿ 71 ಕೊಡುತ್ತಿದೆ! ಕೊರತೆ ಇದ್ದದ್ದೆಲ್ಲ ಕಾರ್ಡಿನಲ್ಲಿ. ಹಾಗಂತ ಹಳೆಯದನ್ನೇ ಉಳಿಸಿಕೊಳ್ಳಲಿಲ್ಲ. ಜನಜಂಗುಳಿಯ ಸಂತೆ ಬೀದಿಗೆ ಹೋದರೆ ಅದು 40ಕ್ಕೆ ಕುಸಿದು ಮುಗ್ಗರಿಸುತ್ತಿತ್ತು. ಸರಾಸರಿ ನೋಡಿ ಮರುಳಾಗಬಾರದು, ಕೆಟ್ಟ ಜಾಗದಲ್ಲಿ ಎಷ್ಟು ಬರುತ್ತೆ ಅನ್ನೋದೇ ಕೈಗೆ ಗೊತ್ತಾಗೋದು.

ಎರಡನೇ ಪಟ್ಟಿ ಬೇರೆಯೇ ಆಯಿತು. ಗ್ರಾಫಿಕ್ಸ್ ಕಾರ್ಡಿಗೆ 50 ಭಾಗ. ಪ್ರೊಸೆಸರ್ 12, ಮದರ್‌ಬೋರ್ಡ್ 10, ಎಸ್‌ಎಂಪಿಎಸ್ 9, ರ‍್ಯಾಮ್ 7, ಎಸ್‌ಎಸ್‌ಡಿ 7, ಕ್ಯಾಬಿನೆಟ್ ಮತ್ತು ಫ್ಯಾನ್ 5.

ಪ್ರೊಸೆಸರ್ ಬಗ್ಗೆ ಹೆಚ್ಚು ಹೇಳೋಕೆ ಏನಿಲ್ಲ. ರೈಜೆನ್ 5 5600 ತಗೊಂಡೆ. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್. ಡಬ್ಬದಲ್ಲೇ ಕೂಲರ್ ಬರುತ್ತದೆ, ಅದು ಸಾಕು. ಇನ್ನೂ ಸ್ವಲ್ಪ ಉಳಿಸೋಣ ಅಂತ 5500ರ ಕಡೆ ಕಣ್ಣು ಹೋಗಿತ್ತು. ಹೆಸರಿನಲ್ಲಿ ನೂರರ ವ್ಯತ್ಯಾಸ ಅಷ್ಟೇ ಅಲ್ವಾ ಅಂತ. ಆದರೆ 5600ರಲ್ಲಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ, 32 ಎಂಬಿ, 5500ರಲ್ಲಿ ಅದರ ಅರ್ಧ. ಗೇಮುಗಳಿಗೆ ಕ್ಯಾಶ್ ಅಂದರೆ ಬಲು ಇಷ್ಟ. ಹಾಗಾಗಿ ಅಲ್ಲಿ ಜಿಪುಣತನ ಮಾಡಲಿಲ್ಲ. ಬೋರ್ಡ್ ಬಿ550 ಚಿಪ್‌ಸೆಟ್‌ನದು, ಬಣ್ಣದ ದೀಪಗಳಿಲ್ಲದ ಸಾದಾ ಮಾದರಿ. ಪ್ರೊಸೆಸರ್ ಕೂರುವ ಸಾಕೆಟ್‌ಗಳಲ್ಲಿ ಎಎಂ5 ಹೊಸದು, ಮುಂದೆ ಅಪ್‌ಗ್ರೇಡ್‌ಗೆ ದಾರಿ ಇರುತ್ತೆ ಅಂತ ಗೆಳೆಯನೊಬ್ಬ ಪಟ್ಟು ಹಿಡಿದ. ಮಾತು ನಿಜ. ಆದರೆ ಬೋರ್ಡು, ಡಿಡಿಆರ್5 ರ‍್ಯಾಮು ಸೇರಿ ಆಗುವ ಹೆಚ್ಚುವರಿ ಖರ್ಚು ನನ್ನ ಕಾರ್ಡನ್ನು ಒಂದು ಮೆಟ್ಟಿಲು ಕೆಳಗಿಳಿಸುತ್ತಿತ್ತು. ಇವತ್ತು ಆಡಬೇಕಾದವನಿಗೆ ನಾಳೆಯ ಸಾಕೆಟ್ ಕಟ್ಟಿಕೊಂಡು ಏನಾಗಬೇಕು?

ಕಾರ್ಡಿನ ಆಯ್ಕೆಗೆ ಮಾತ್ರ ಮೂರು ವಾರ ಹಿಡಿಯಿತು. ಬಜೆಟ್ಟಿನ ಅರ್ಧ ಕೊಟ್ಟರೂ ನನಗೆ ಬೇಕಾದ ವರ್ಗದ ಹೊಸ ಕಾರ್ಡ್ ಕೈಗೆ ಸಿಗುತ್ತಿರಲಿಲ್ಲ. ಸೆಕೆಂಡ್‌ಹ್ಯಾಂಡ್ ಅಂತ ತೀರ್ಮಾನಿಸಿದೆ. ಕೊನೆಗೆ ಉಳಿದದ್ದು ಎರಡು: 10 ಜಿಬಿಯ ಆರ್‌ಟಿಎಕ್ಸ್ 3080, ಎಎಂಡಿಯ 16 ಜಿಬಿಯ ಆರ್‌ಎಕ್ಸ್ 6800 ಎಕ್ಸ್‌ಟಿ. ಎರಡೂ 2020ರವು. ಬೆಳಕಿನ ದಾರಿಯನ್ನೇ ಲೆಕ್ಕ ಹಾಕಿ ಚಿತ್ರ ಬಿಡಿಸುವ ರೇ ಟ್ರೇಸಿಂಗ್‌ನಲ್ಲಿ 3080 ಮುಂದೆ. ಅದರಲ್ಲಿ ಕಡಿಮೆ ಪಿಕ್ಸೆಲ್ಲಿನ ಚಿತ್ರವನ್ನು ದೊಡ್ಡ ಪರದೆಗೆ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಇದೆ, ಆ ಕೆಲಸದಲ್ಲಿ ಅದು ಎಎಂಡಿಯ ಎಫ್‌ಎಸ್‌ಆರ್ 2ಕ್ಕಿಂತ ಚೆನ್ನಾಗಿದೆ. ಇದನ್ನು ಒಪ್ಪಿಕೊಂಡೇ ನಾನು 6800 ಎಕ್ಸ್‌ಟಿ ಕಡೆ ವಾಲಿದೆ. ಕಾರಣ ಆ 16 ಜಿಬಿ. 4ಕೆಯಲ್ಲಿ ನನಗೆ ಟೆಕ್ಸ್‌ಚರ್ ಅತಿ ಮೇಲಿನ ಮಟ್ಟದಲ್ಲೇ ಬೇಕು. ಗೋಡೆಯ ಬಿರುಕು, ಬಟ್ಟೆಯ ನೇಯ್ಗೆ ಕಾಣದಿದ್ದರೆ ಇಷ್ಟು ಪಿಕ್ಸೆಲ್ ಯಾಕೆ? ಟೆಕ್ಸ್‌ಚರ್ ಮಟ್ಟ ಏರಿಸಿದರೆ ಫ್ರೇಮ್ ಅಷ್ಟಾಗಿ ಇಳಿಯೋದಿಲ್ಲ. ಆದರೆ ಕಾರ್ಡಿನ ಮೆಮೊರಿ ತುಂಬಿಹೋದರೆ ಮುಗಿಯಿತು, ನಿಧಾನವಾದ ರ‍್ಯಾಮ್‌ಗೆ ಹೋಗಿ ಬರುತ್ತಾ ಆಟ ತಡವರಿಸತೊಡಗುತ್ತದೆ.

ಮೆಮೊರಿಯ ಗಾತ್ರ ಒಂದನ್ನೇ ನೋಡಿದರೂ ಮೋಸ ಹೋಗುತ್ತೀರಿ. 16 ಜಿಬಿಯ ಆರ್‌ಟಿಎಕ್ಸ್ 4060 ಟಿಐ ಕೂಡ ನನ್ನ ಪಟ್ಟಿಯಲ್ಲಿತ್ತು. ಹೊಸದು, ವಾರಂಟಿ ಇದೆ, ಕರೆಂಟ್ ಕಡಿಮೆ ತಿನ್ನುತ್ತೆ. ಆದರೆ ಅದರ ಮೆಮೊರಿ ಬಸ್, ಅಂದರೆ ಮೆಮೊರಿಗೆ ಹೋಗಿ ಬರುವ ದಾರಿ, 128 ಬಿಟ್, ಸೆಕೆಂಡಿಗೆ 288 ಜಿಬಿ. 6800 ಎಕ್ಸ್‌ಟಿಯದು 256 ಬಿಟ್, 512 ಜಿಬಿ. ದೊಡ್ಡ ತೊಟ್ಟಿಗೆ ಸಣ್ಣ ನಲ್ಲಿ ಇಟ್ಟ ಹಾಗೆ. 1080ಪಿಯಲ್ಲಿ ಆಡುವವರಿಗೆ ಒಳ್ಳೆಯ ಕಾರ್ಡೇ, 4ಕೆಗೆ ನನಗೆ ಒಗ್ಗಲಿಲ್ಲ.

ಸೆಕೆಂಡ್‌ಹ್ಯಾಂಡ್ ಕಾರ್ಡ್ ಕೊಳ್ಳುವಾಗ ನಾನು ಮಾರುವವರ ಎದುರಲ್ಲೇ ಅರ್ಧ ಗಂಟೆ ಓಡಿಸಿ ನೋಡಿದೆ. ಮೂರು ಫ್ಯಾನ್‌ಗಳೂ ತಿರುಗುತ್ತವೆಯಾ, ಕಟಕಟ ಸದ್ದು ಇದೆಯಾ, ಪರದೆಯ ಮೇಲೆ ಚುಕ್ಕೆ ಗೆರೆ ಬೀಳುತ್ತಾ ಅಂತ ಗಮನಿಸಿದೆ. ಎಲ್ಲ ಸರಿ ಇತ್ತು. ಕಾರ್ಡಿನ ತಾಪವೂ 78 ಡಿಗ್ರಿ, ಸಂತೋಷದಿಂದ ತಂದೆ. ಹಾಟ್‌ಸ್ಪಾಟ್, ಅಂದರೆ ಚಿಪ್ಪಿನ ಅತಿ ಬಿಸಿ ಜಾಗದ ತಾಪ ನೋಡೋದನ್ನು ಮರೆತಿದ್ದೆ. ಮನೆಗೆ ಬಂದು ನೋಡಿದರೆ ಅದು 108! ಚಿಪ್ಪಿನ ಒಂದು ಕಡೆ, ಶಾಖವನ್ನು ಕೂಲರ್‌ಗೆ ದಾಟಿಸುವ ಪೇಸ್ಟ್ ಒಣಗಿ ಹೋಗಿತ್ತು. ಬಿಚ್ಚಿ, ಒರೆಸಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. ಮೆಮೊರಿ ಮೇಲಿನ ಪ್ಯಾಡ್ ಹರಿಯದ ಹಾಗೆ ಕೂಲರ್ ಎತ್ತೋದೇ ಕಷ್ಟದ ಕೆಲಸ. ಬೆವರು ಇಳಿಯಿತು. ಆದರೆ ಹಾಟ್‌ಸ್ಪಾಟ್ 91ಕ್ಕೆ ಬಂತು. ಈ ಎರಡು ತಾಪಗಳ ನಡುವೆ 30 ಡಿಗ್ರಿ ಅಂತರ ಕಂಡರೆ ಬೆಲೆ ಇಳಿಸಿ ಕೇಳಬಹುದಿತ್ತು. ಕೇಳುವ ಅವಕಾಶ ಕೈತಪ್ಪಿತ್ತು.

ಈಗ ಎಸ್‌ಎಂಪಿಎಸ್ ಕಥೆ. ಎರಡನೇ ಪಟ್ಟಿಯಲ್ಲಿ 9 ಭಾಗ ಎತ್ತಿಟ್ಟಿದ್ದೆ ನಿಜ. ಆದರೆ ಕಾರ್ಡ್ ಕೈಗೆ ಬಂದ ಮೇಲೆ ತಾಳ್ಮೆ ಎಲ್ಲಿ? ಹಳೆಯ 550 ವ್ಯಾಟಿನದನ್ನೇ ಸಿಕ್ಕಿಸಿದೆ. ಕಾರ್ಡ್ 300 ವ್ಯಾಟ್, ಪ್ರೊಸೆಸರ್ 65, ಉಳಿದದ್ದೆಲ್ಲ ಸೇರಿ 50. ಕೂಡಿದರೆ 415. ಇನ್ನೂ 135 ಉಳಿಯಿತಲ್ಲ! ಹತ್ತು ನಿಮಿಷ ಆಟ ಅದ್ಭುತವಾಗಿ ಓಡಿತು. ಹನ್ನೊಂದನೇ ನಿಮಿಷಕ್ಕೆ ಟಪ್ ಅಂತ ಇಡೀ ಪಿಸಿ ಆರಿತು. ಮತ್ತೆ ಹಾಕಿದೆ, ಮತ್ತೆ ಆರಿತು. 300 ವ್ಯಾಟ್ ಅನ್ನೋದು ಸರಾಸರಿ. ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಕಾರ್ಡ್ ಅದಕ್ಕಿಂತ ತುಂಬಾ ಜಾಸ್ತಿ ಎಳೆಯುತ್ತದೆ. ಆ ಏರಿಕೆ ಕಂಡ ತಕ್ಷಣ ಹಳೆಯ ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ತಾನೇ ಬಂದ್ ಆಗುತ್ತಿತ್ತು. ಪುಣ್ಯಕ್ಕೆ ಬಂದ್ ಆಯಿತು, ಸುಡಲಿಲ್ಲ. ಎಎಂಡಿ ಈ ಕಾರ್ಡಿಗೆ 750 ವ್ಯಾಟ್ ಹೇಳಿರುವುದು ಸುಮ್ನೆ ಅಲ್ಲ. ಮರುದಿನವೇ 750 ವ್ಯಾಟಿನದು ತಂದೆ. 80 ಪ್ಲಸ್ ಗೋಲ್ಡ್ ಮುದ್ರೆ ಇತ್ತು. ಆದರೆ ಆ ಮುದ್ರೆ ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನೋದನ್ನು ಮಾತ್ರ, ಒಳಗಿನ ಗುಣಮಟ್ಟವನ್ನಲ್ಲ. ಅದಕ್ಕೆ ಬಿಚ್ಚಿ ಪರೀಕ್ಷಿಸಿದವರ ವಿಮರ್ಶೆ ಓದಿಯೇ ಆರಿಸಿದೆ. ಕಾರ್ಡಿನ ಎರಡು ಸಾಕೆಟ್ಟಿಗೆ ಎರಡು ಬೇರೆ ಬೇರೆ ಕೇಬಲ್ ಎಳೆದೆ. ಒಂದೇ ಕೇಬಲ್ಲಿನ ಎರಡು ತಲೆ ಸಿಕ್ಕಿಸಿದರೆ ಇಡೀ ಭಾರ ಒಂದರ ಮೇಲೆ ಬೀಳುತ್ತದೆ.

ರ‍್ಯಾಮ್ 16 ಜಿಬಿಯ ಎರಡು ಕಡ್ಡಿ, ಡಿಡಿಆರ್4 3600. ಇಲ್ಲೂ ಒಂದು ಪೆದ್ದುತನ. ಒಂದು ವಾರ ಆಡಿದ ಮೇಲೆ ನೋಡಿದರೆ ಅದು 2133ರಲ್ಲಿ ಓಡುತ್ತಿತ್ತು. ಮದರ್‌ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ, ರ‍್ಯಾಮನ್ನು ಅದರ ಪೂರ್ಣ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ದುಡ್ಡು ಕೊಟ್ಟ ವೇಗ ಸಿಗೋದಿಲ್ಲ. ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ. ಅತಿ ವೇಗದ್ದು ಬೇಕಿರಲಿಲ್ಲ, ಗೇಮ್ ತೆರೆದುಕೊಳ್ಳುವಾಗ ಆ ವ್ಯತ್ಯಾಸ ನನ್ನ ಕಣ್ಣಿಗೆ ಬೀಳಲಿಲ್ಲ. ಜಾಗ ಮಾತ್ರ ಬೇಗ ತುಂಬುತ್ತದೆ, ಒಂದೊಂದು ಗೇಮ್ 100 ಜಿಬಿ ದಾಟುತ್ತಿದೆ. ಕ್ಯಾಬಿನೆಟ್‌ನ ಮುಂಭಾಗ ಜಾಲರಿಯದು. ಗಾಜಿನ ಮುಖದ ಚೆಂದದ್ದು ಕಂಡಿತ್ತು, ಆದರೆ 300 ವ್ಯಾಟ್ ಶಾಖ ಎಲ್ಲಿಂದ ಆಚೆ ಹೋಗಬೇಕು? ಕೊಳ್ಳುವ ಮೊದಲು ಕಾರ್ಡಿನ ಉದ್ದ ಮಿಲಿಮೀಟರಿನಲ್ಲಿ ನೋಡಿಕೊಂಡಿದ್ದೆ, ಈ ಒಂದು ವಿಷಯದಲ್ಲಿ ಜಾಣನಾಗಿದ್ದೆ.

ಎಲ್ಲ ಜೋಡಿಸಿ ಆನ್ ಮಾಡಿದರೆ ಮೌಸ್ ಬಾಣವೇ ಕುಪ್ಪಳಿಸುತ್ತಾ ಹೋಗುತ್ತಿತ್ತು. ಎದೆ ಧಸಕ್ಕೆಂದಿತು. ಸೆಟ್ಟಿಂಗ್ ತೆರೆದರೆ 30 ಹರ್ಟ್ಸ್. ಎಲ್ಲಿಂದಲೋ ತೆಗೆದಿಟ್ಟಿದ್ದ ಹಳೆಯ ಎಚ್‌ಡಿಎಂಐ ಕೇಬಲ್ಲಿನ ಕೆಲಸ ಅದು. ಹಳೆಯ 1.4ರ ಕಾಲದ ಎಚ್‌ಡಿಎಂಐ 4ಕೆಯನ್ನು 30ಕ್ಕಿಂತ ಮೇಲೆ ಒಯ್ಯಲಾರದು. ಡಿಸ್ಪ್ಲೇಪೋರ್ಟ್ ಕೇಬಲ್ ಮಾನಿಟರ್ ಡಬ್ಬದಲ್ಲೇ ಬಿದ್ದಿತ್ತು, ಹಾಕಿದ ಕೂಡಲೇ 60 ಬಂತು.

ಸೆಟ್ಟಿಂಗ್‌ಗಳೂ ಬಜೆಟ್ಟಿನ ಭಾಗವೇ ಅಂತ ನನಗೆ ಗೊತ್ತಾದದ್ದು ಆಮೇಲೆ. ಟೆಕ್ಸ್‌ಚರ್ ಬಿಟ್ಟು ಉಳಿದದ್ದನ್ನೆಲ್ಲ ಅಲ್ಟ್ರಾದಿಂದ ಹೈಗೆ ಇಳಿಸುತ್ತೇನೆ. ನೆರಳು, ಮಂಜು, ಬೆಳಕಿನ ಕಿರಣಗಳು ಫ್ರೇಮ್ ನುಂಗುವುದರಲ್ಲಿ ಮುಂದು, ಕಣ್ಣಿಗೆ ಕೊಡುವುದು ಕಡಿಮೆ. ರೇ ಟ್ರೇಸಿಂಗ್ ಆಫ್. ಅಷ್ಟರಲ್ಲೂ 60 ಮುಟ್ಟದ ಗೇಮ್ ಇದ್ದರೆ ಎಫ್‌ಎಸ್‌ಆರ್ ಕ್ವಾಲಿಟಿ ಮೋಡ್ ಹಾಕುತ್ತೇನೆ. ಆಗ ಒಳಗೆ ಚಿತ್ರ ತಯಾರಾಗುವುದು 2560 ಗುಣಿಸು 1440ರಲ್ಲಿ, ಆಮೇಲೆ 4ಕೆಗೆ ಹಿಗ್ಗುತ್ತದೆ. 83 ಲಕ್ಷದ ಬದಲು 37 ಲಕ್ಷ ಪಿಕ್ಸೆಲ್ ಕೆಲಸ. ಸುಮ್ನೆ 1440ಪಿ ಮಾನಿಟರ್ ತಗೋಬೇಕಿತ್ತು ಅನ್ನುವವರಿಗೆ ನನ್ನ ಉತ್ತರ ಇದೇ. ಆಟಕ್ಕೆ ಬೇಕಾದಾಗ 1440ರ ಭಾರ ಹೊರಿಸುತ್ತೇನೆ, ಬೆಳಗ್ಗೆ ಎದ್ದು ಕೆಲಸ ಮಾಡುವಾಗ ಅಕ್ಷರಗಳು 4ಕೆಯವೇ ಇರುತ್ತವೆ. ಮಾನಿಟರ್ ಇನ್ನೂ ಕೊಳ್ಳದವರಾಗಿದ್ದು, ಆಟವೇ ಮುಖ್ಯವಾಗಿದ್ದರೆ, 1440ಪಿಯದನ್ನೇ ನಾನೂ ಹೇಳುತ್ತೇನೆ.

ಕಾರ್ಡ್ ಕೊಡುವ ಫ್ರೇಮಿಗೆ ತಕ್ಕ ಹಾಗೆ ತನ್ನ ಹರ್ಟ್ಸ್ ಬದಲಿಸುವ ಮಾನಿಟರಿನ ಫ್ರೀಸಿಂಕ್ 40ರಿಂದ 60ರವರೆಗೆ ಕೆಲಸ ಮಾಡುತ್ತದೆ. ಹಾಗಾಗಿ ಫ್ರೇಮನ್ನು 58ಕ್ಕೆ ಕಟ್ಟಿಹಾಕಿದ್ದೇನೆ. 45ಕ್ಕೆ ಇಳಿದರೂ ಚಿತ್ರ ಅಡ್ಡಕ್ಕೆ ಸೀಳಿದ ಹಾಗೆ ಕಾಣೋದಿಲ್ಲ, ಕಣ್ಣಿಗೆ ಗೊತ್ತೇ ಆಗೋದಿಲ್ಲ. ಕಾರ್ಡಿನ ವೋಲ್ಟೇಜ್ 1150 ಮಿಲಿವೋಲ್ಟಿನಿಂದ 1060ಕ್ಕೆ ಇಳಿಸಿದೆ. 30 ವ್ಯಾಟಿನಷ್ಟು ಉಳಿಯಿತು, ಫ್ಯಾನ್ ಸದ್ದೂ ತಗ್ಗಿತು. 1040ಕ್ಕೆ ಇಳಿಸಿದಾಗ ಗೇಮ್ ಮುಚ್ಚಿಕೊಂಡಿತು, ಹಿಂದೆ ಸರಿದೆ.

ನನ್ನ ಲೆಕ್ಕ ಸೋತ ಜಾಗ ಒಂದಿದೆ. ನನಗೆ ಊರು ಕಟ್ಟುವ ಗೇಮಿನ ಚಟವೂ ಇದೆ. ಅಲ್ಲಿ ಒಬ್ಬೊಬ್ಬ ಪ್ರಜೆ ಎಲ್ಲಿಗೆ ಹೋಗುತ್ತಾನೆ ಅಂತ ಪ್ರೊಸೆಸರ್ ಲೆಕ್ಕ ಹಾಕುತ್ತಲೇ ಇರಬೇಕು. ಜನಸಂಖ್ಯೆ ಒಂದು ಲಕ್ಷದ ಹತ್ತಿರ ಬಂದಾಗ ಕಾರ್ಡ್ 50 ಶೇಕಡಾ ಬಳಕೆಯಲ್ಲಿ ಆರಾಮಾಗಿ ಕೂತಿರುತ್ತದೆ, ಫ್ರೇಮ್ ಮಾತ್ರ 28. ರೆಸಲ್ಯೂಷನ್ ಇಳಿಸಿದರೂ ಅದೇ 28. ಅದೇ ಬೋರ್ಡಿಗೆ ಕೂರುವ 5800ಎಕ್ಸ್3ಡಿ ಪ್ರೊಸೆಸರ್ ಹಾಕಿದರೆ ಸರಿಹೋಗಬಹುದು ಅಂತ ಗೆಳೆಯ ಮತ್ತೆ ಶುರು ಮಾಡಿದ್ದಾನೆ. ಸದ್ಯಕ್ಕೆ ನಾನು 80 ಸಾವಿರ ಜನ ಆಗುತ್ತಿದ್ದ ಹಾಗೆ ಹೊಸ ಊರು ಶುರು ಮಾಡುತ್ತಿದ್ದೇನೆ.