ಮರದ ಪೀಠೋಪಕರಣ ರಫ್ತು: ಶುರು ಎಲ್ಲಿಂದ?

ರಫ್ತು ಅಂದ ಕೂಡಲೇ ಎಲ್ಲರೂ ಲೈಸೆನ್ಸ್ ಬಗ್ಗೆಯೇ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಅದು ಸುಲಭದ ಕೆಲಸ. ವಿದೇಶ ವ್ಯಾಪಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ ಡಿಜಿಎಫ್‌ಟಿಯ ವೆಬ್‌ಸೈಟಿನಲ್ಲಿ 500 ರೂಪಾಯಿ ಕಟ್ಟಿ ಐಇಸಿ, ಅಂದರೆ ಆಮದು-ರಫ್ತು ಮಾಡುವವರ ಕೋಡ್, ಮಾಡಿಸಿಕೊಳ್ಳಿ. ವಿದೇಶಿ ಹಣ ಬರುವ ನಿಮ್ಮ ಬ್ಯಾಂಕಿನಿಂದ ಅದರ ಗುರುತಿನ ಎಡಿ ಕೋಡ್ ಪಡೆದು ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲಿನಲ್ಲಿ ನೋಂದಾಯಿಸಿ. ಜಿಎಸ್‌ಟಿ ಪೋರ್ಟಲಿನಲ್ಲಿ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ಸರಕು ಕಳಿಸಬಹುದು. ಇಷ್ಟನ್ನು ನಿಮ್ಮ ಆಡಿಟರ್ರೇ ಮಾಡಿಕೊಡುತ್ತಾರೆ. ತಲೆನೋವು ಇರುವುದು ಮರದಲ್ಲಿ.

ಮರ ಯಾವುದು?

ಮರದ ಸಾಮಾನಿಗೆ ಹೆಸರಾದ ಜೋಧ್‌ಪುರ, ಸಹಾರನ್‌ಪುರದವರನ್ನು ಕೇಳಿದರೆ ಉತ್ತರ ಭಾರತದ ಶೀಶಮ್ ಮರದ ಕಥೆ ಹೇಳುತ್ತಾರೆ. 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ನಡೆದ ಸೈಟ್ಸ್ (ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಭೆ ಶೀಶಮ್ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳನ್ನೆಲ್ಲ ನಿಯಂತ್ರಣಕ್ಕೆ ತಂದಿತು. 2017ರ ಜನವರಿಯಿಂದ ಶೀಶಮ್ ಸಾಮಾನು ಕಳಿಸಲು ಹೆಚ್ಚುವರಿ ಕಾಗದಪತ್ರ ಬೇಕಾಯಿತು. ನಮ್ಮ ಬೀಟೆಯೂ ಅದೇ ಕುಲದ್ದು. 2022ರ ಪನಾಮಾ ಸಭೆಯಲ್ಲಿ ಶೀಶಮ್‌ಗೆ ಸ್ವಲ್ಪ ಸಡಿಲಿಕೆ ಸಿಕ್ಕಿತು. ಒಂದೊಂದು ವಸ್ತುವೂ 10 ಕೆ.ಜಿ. ಒಳಗಿದ್ದರೆ, ಎಷ್ಟು ಕಳಿಸಿದರೂ ಸೈಟ್ಸ್ ಪರ್ಮಿಟ್ ಬೇಡ. ಪುಟ್ಟ ಸ್ಟೂಲು ಪಾರಾಯಿತು, ಊಟದ ಮೇಜು ಅಲ್ಲೇ ಉಳಿಯಿತು!

ಹಾಗಾಗಿ ಹೊಸಬರು ಮಾವು ಇಲ್ಲವೇ ರಬ್ಬರ್ ಮರದಿಂದ ಶುರು ಮಾಡುವುದೇ ಮೇಲು. ಎರಡೂ ಸೈಟ್ಸ್ ಪಟ್ಟಿಯಲ್ಲಿಲ್ಲ. ಫಸಲು ನಿಂತ ಮಾವನ್ನು, ಹಾಲು ಬತ್ತಿದ ರಬ್ಬರನ್ನು ತೋಟದವರು ಹೇಗಿದ್ದರೂ ಕಡಿಯುತ್ತಾರೆ. ಆದರೆ ಯಾವ ತೋಟದ ಮರ ಅನ್ನುವುದಕ್ಕೆ ಬಿಲ್ ಇರಲಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಮರ ಬೇಡ ಅನ್ನುತ್ತದೆ ಐರೋಪ್ಯ ಒಕ್ಕೂಟದ ಕಾನೂನು. ಅದರ ಜಾರಿಯನ್ನು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಿದ್ದಾರೆ. ಹಾಗಂತ ದಾಖಲೆಯನ್ನು ನೀವು ಮುಂದಕ್ಕೆ ಹಾಕಬೇಡಿ.

ತೇವ ಎಷ್ಟಿದೆ?

ಮಾಲು ತಿರಸ್ಕಾರವಾಗುವುದು ಇಲ್ಲೇ ಜಾಸ್ತಿ. ಚಳಿ ದೇಶಗಳಲ್ಲಿ ತಿಂಗಳುಗಟ್ಟಲೆ ಹೀಟರ್ ಹಾಕಿ ಮನೆಯೊಳಗಿನ ಗಾಳಿ ಒಣಗಿರುತ್ತದೆ. ಮಂಗಳೂರಿನಲ್ಲಿ ನೆಟ್ಟಗಿದ್ದ ಮೇಜು ಅಲ್ಲಿ ಮೊದಲ ಚಳಿಗಾಲಕ್ಕೇ ಬಿರುಕು ಬಿಡಬಹುದು. ಹಲಗೆಗಳನ್ನು ಕಿಲ್ನ್‌ನಲ್ಲಿ (ಮರ ಒಣಗಿಸುವ ಬಿಸಿಗಾಳಿ ಕೋಣೆಯಲ್ಲಿ) ಒಣಗಿಸಿ ತೇವಾಂಶವನ್ನು ಶೇ 8ರಿಂದ 10ಕ್ಕೆ ಇಳಿಸಿ. ತೇವ ಅಳೆಯುವ ಮೀಟರಿನ ಸೂಜಿ ಚುಚ್ಚಿದಾಗ 9 ತೋರಿಸಿತು ಅಂತ ಸುಮ್ನೆ ಖುಷಿಪಡಬೇಡಿ. ಅದು ಮೇಲ್ಮೈ ಲೆಕ್ಕ. ಲಾಟಿನಿಂದ ಒಂದು ಹಲಗೆ ಎತ್ತಿ ನಡುವೆ ಅಡ್ಡ ಕೊಯ್ಯಿರಿ. ಕೊಯ್ದ ಮುಖದ ಮಧ್ಯಕ್ಕೆ ಸೂಜಿ ಚುಚ್ಚಿ. ಅಲ್ಲಿ 15 ಬಂದರೆ ಇಡೀ ಲಾಟು ವಾಪಸ್ ಕಿಲ್ನ್‌ಗೆ.

ಮೇಜಿನ ಮೇಲ್ಹಲಗೆಯನ್ನು ಚೌಕಟ್ಟಿಗೆ ಅಂಟಿಸಿಬಿಡಬೇಡಿ. ಚೌಕಟ್ಟಿನ ಸ್ಕ್ರೂ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದವಾಗಿ ಕೊರೆಯಿರಿ. ಮರ ಹಿಗ್ಗಿ ಕುಗ್ಗುವುದೇ ಆ ದಿಕ್ಕಿಗೆ.

ಹಡಗಿಗೆ ತುಂಬುವಾಗ

40 ಅಡಿಯ ಹೈಕ್ಯೂಬ್ (ಎತ್ತರ ಹೆಚ್ಚಿರುವ) ಕಂಟೇನರಿನಲ್ಲಿ ಸುಮಾರು 76 ಘನ ಮೀಟರ್ ಜಾಗ ಇರುತ್ತದೆ. ಜೋಡಿಸಿದ ಮೇಜನ್ನು ಹಾಗೇ ಇಟ್ಟರೆ ಕಾಲುಗಳ ನಡುವಿನ ಗಾಳಿಗೂ ಬಾಡಿಗೆ ತೆರಬೇಕು. ಕಾಲು ಕಳಚಿ ಚಪ್ಪಟೆ ಪೆಟ್ಟಿಗೆಗೆ ಹಾಕುವಂತೆ ಮೊದಲೇ ಡಿಸೈನ್ ಮಾಡಿ. ಮರದ ಪ್ಯಾಲೆಟ್ ಬಳಸುವಿರಾ? ಅದರ ಒಳತಿರುಳನ್ನೂ 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಮಾಡಿರಬೇಕು, ಅದಕ್ಕೆ ಸಾಕ್ಷಿಯಾಗಿ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಐಪಿಪಿಸಿ ಮುದ್ರೆ ಇರಬೇಕು. ಇಲ್ಲದಿದ್ದರೆ ಹುಳದ ಭಯಕ್ಕೆ ಆ ಕಡೆಯ ಬಂದರಿನಲ್ಲೇ ತಡೆಯುತ್ತಾರೆ.

ದುಡ್ಡಿನ ಮಾತು

ವಿಯೆಟ್ನಾಂನ ದೊಡ್ಡ ಕಾರ್ಖಾನೆಗಳ ಜೊತೆ ದರದಲ್ಲಿ ಪೈಪೋಟಿಗೆ ಇಳಿಯುವುದು ಸಣ್ಣವರಿಗೆ ಆಗದ ಮಾತು. ಕೈಕೆತ್ತನೆ, ಸಣ್ಣ ಆರ್ಡರ್, ಗಿರಾಕಿ ಹೇಳಿದ ಅಳತೆ, ನಮ್ಮ ಬಲ ಇರುವುದು ಇಲ್ಲಿ. ಒಂದೇ ದೇಶವನ್ನು ನೆಚ್ಚಿ ಕೂರುವುದೂ ಅಪಾಯ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಬಹಳಷ್ಟು ಸರಕಿನ ಮೇಲೆ ಶೇ 50 ಸುಂಕ ಹಾಕಿದ್ದು ನೆನಪಿದೆ ಅಲ್ವಾ? ಎಫ್‌ಒಬಿ ದರ (ಹಡಗಿಗೆ ಏರಿಸುವವರೆಗಿನ ಖರ್ಚು ಮಾತ್ರ ನಿಮ್ಮದು) ಕೊಟ್ಟರೆ ಆ ಸುಂಕ ಕೊಳ್ಳುವವರದ್ದು, ನಿಜ. ಆದರೆ ಮರುದಿನವೇ ಡಿಸ್ಕೌಂಟ್ ಕೇಳಿ ಫೋನ್ ಬರುತ್ತದೆ. ಸುಂಕ ಏರಿದರೆ ಯಾರ ತಲೆಗೆ ಎಷ್ಟು ಅನ್ನುವುದನ್ನು ಕರಾರಿನಲ್ಲೇ ಬರೆಸಿ. ಶೇ 30 ಮುಂಗಡ ತೆಗೆದುಕೊಳ್ಳಿ. ಬಾಕಿಗೆ ಬಿಲ್ ಆಫ್ ಲೇಡಿಂಗ್‌ನ (ಹಡಗಿನವರು ಕೊಡುವ ಸರಕಿನ ರಸೀದಿಯ) ನಕಲು ಕಳಿಸಿ, ದುಡ್ಡು ಬರುವವರೆಗೆ ಅಸಲು ಪ್ರತಿ ನಿಮ್ಮ ಕೈಯಲ್ಲೇ ಇರಲಿ. ಸಾಲಕ್ಕೆ ಕೊಡಲೇಬೇಕಾಗಿ ಬಂದರೆ ಮೊದಲು ರಫ್ತು ಸಾಲಕ್ಕೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಇಸಿಜಿಸಿಯಲ್ಲಿ ವಿಮೆ ಮಾಡಿಸಿ, ಆಮೇಲೆ ಕಂಟೇನರ್ ಬುಕ್ ಮಾಡಿ.