ಶಾಲೆಯ ಆಟದ ಪಿರಿಯಡ್‌ನಿಂದ ವೃದ್ಧಾಪ್ಯದವರೆಗೆ: ಕ್ರೀಡಾನೀತಿಯನ್ನು ಓದುವ, ತಿದ್ದುವ ಬಗೆ

ಕ್ರೀಡಾನೀತಿಯ ಕರಡು ಕೈಗೆ ಬಂದಾಗ ಮುನ್ನುಡಿಯನ್ನು ಬದಿಗಿಡಿ. ಆರೋಗ್ಯ, ಶಿಸ್ತು, ಸರ್ವಾಂಗೀಣ ಬೆಳವಣಿಗೆ ಎಂಬ ಮಾತುಗಳು ಎಲ್ಲ ಕರಡುಗಳಲ್ಲೂ ಇರುತ್ತವೆ. ಹುಡುಕಬೇಕಾದದ್ದು ಇಷ್ಟು: ವಾರಕ್ಕೆ ಎಷ್ಟು ನಿಮಿಷ, ಕಲಿಸುವವರು ಯಾರು, ಮೈದಾನ ಯಾರಿಗೆ ಯಾವ ಹೊತ್ತಿನಲ್ಲಿ ತೆರೆದಿರುತ್ತದೆ, ನಿರ್ವಹಣೆಯ ಹಣ ಯಾವ ಬಾಬ್ತಿನಿಂದ ಬರುತ್ತದೆ. ಇವುಗಳಿಗೆ ಉತ್ತರವಿಲ್ಲದಿದ್ದರೆ ಕರಡನ್ನು ಹಿಂದಿರುಗಿಸಿ, ಉತ್ತರ ಬರೆಸಿ.

ಅಳತೆಗೋಲು ಈಗಾಗಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ ಬೇಕು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಜೊತೆಗೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ. 65 ದಾಟಿದವರಿಗೆ ಇದರ ಮೇಲೆ ವಾರಕ್ಕೆ ಕನಿಷ್ಠ 3 ದಿನ ಸಮತೋಲನದ ಅಭ್ಯಾಸ. ಕರಡಿನ ಪ್ರತಿ ವಯೋಮಾನದ ಎದುರು ಈ ಅಂಕಿ ಬರೆಯಿರಿ. ಪಕ್ಕದಲ್ಲಿ ಹೊಣೆ ಹೊತ್ತ ಇಲಾಖೆಯ ಹೆಸರು ಬರೆಯಿರಿ. ಸಾಮಾನ್ಯವಾಗಿ 18ರಿಂದ 60ರವರೆಗಿನ ಸಾಲು ಖಾಲಿ ಉಳಿಯುತ್ತದೆ. ಶಿಕ್ಷಣ ಇಲಾಖೆಯ ಹೊಣೆ ಶಾಲೆಗೆ ಮುಗಿಯುತ್ತದೆ, ಕ್ರೀಡಾ ಇಲಾಖೆ ಪದಕದ ಹಿಂದಿರುತ್ತದೆ, ಆರೋಗ್ಯ ಇಲಾಖೆ ಕಾಯಿಲೆ ಬಂದ ಮೇಲೆ ಬರುತ್ತದೆ.

ಹೆಚ್ಚು ಸಮಯ ಕೊಡಬೇಕಾದದ್ದು ಶಾಲೆಯ ತರಗತಿಗೆ. ಎಲ್ಲ ಮಕ್ಕಳೂ ಕೈಗೆ ಸಿಗುವ ಜಾಗ ಬೇರೆ ಇಲ್ಲ. ವೇಳಾಪಟ್ಟಿಯಲ್ಲಿರುವ ನಿಮಿಷಗಳನ್ನು ನಂಬದೆ ಗಡಿಯಾರ ಹಿಡಿದು ಮೈದಾನದ ಅಂಚಿನಲ್ಲಿ ಕೂರಿ. ಆಟದಲ್ಲಿ ಮುಂದೂ ಅಲ್ಲದ ಹಿಂದೂ ಅಲ್ಲದ ಒಂದು ಮಗುವನ್ನು ಆರಿಸಿಕೊಂಡು, ಪ್ರತಿ 20 ಸೆಕೆಂಡಿಗೊಮ್ಮೆ ಅದು ನಿಂತಿದೆಯೋ, ನಡೆಯುತ್ತಿದೆಯೋ, ಓಡುತ್ತಿದೆಯೋ ಎಂದು ಗುರುತು ಹಾಕಿ. ತರಗತಿಯ ಅರ್ಧದಷ್ಟು ಹೊತ್ತು ಮಗು ಚುರುಕಾಗಿ ಚಲಿಸುತ್ತಿರಬೇಕು ಎಂಬುದು ದೈಹಿಕ ಶಿಕ್ಷಣದಲ್ಲಿ ಬಳಕೆಯಲ್ಲಿರುವ ಗುರಿ.

ಲೆಕ್ಕ ಹಾಕಿ ನೋಡಿ. 40 ನಿಮಿಷದ ಪಿರಿಯಡ್‌ನಲ್ಲಿ ಬಟ್ಟೆ ಬದಲಾವಣೆ, ಹಾಜರಿ, ಸಾಮಾನು ತರುವುದಕ್ಕೆ 15 ನಿಮಿಷ ಹೋಗಿ 25 ಉಳಿಯಿತು ಎನ್ನೋಣ. 30 ಮಕ್ಕಳು, ಒಂದೇ ಸಾಲು, ಒಂದೇ ಚೆಂಡು, ಒಬ್ಬೊಬ್ಬರಿಗೆ 20 ಸೆಕೆಂಡ್. ಒಂದು ಸುತ್ತಿಗೆ 10 ನಿಮಿಷ. ಹಾಗಾದರೆ ಒಂದು ಮಗುವಿನ ಪಾಲಿಗೆ ಸಿಕ್ಕ ಚಲನೆ ಸರಾಸರಿ ಒಂದು ನಿಮಿಷಕ್ಕೂ ಕಡಿಮೆ! ಶಿಕ್ಷಕರ ಉತ್ಸಾಹ ಎಷ್ಟೇ ಇದ್ದರೂ ಈ ಲೆಕ್ಕ ಬದಲಾಗದು. ಆದ್ದರಿಂದ ನೀತಿಯಲ್ಲಿ ‘ಸಾಕಷ್ಟು ಸಲಕರಣೆ’ ಎಂದು ಬರೆಯಬೇಡಿ. ‘ಇಬ್ಬರಿಗೊಂದು ಚೆಂಡು’ ಎಂದು ಬರೆಯಿರಿ. ದೊಡ್ಡ ತಂಡಗಳ ಬದಲು ನಾಲ್ವರು ನಾಲ್ವರ ಆಟವಿರಲಿ, ಹಾಜರಿಯನ್ನು ಮೈ ಬಿಸಿ ಮಾಡುವ ಓಟದ ನಡುವೆಯೇ ತೆಗೆದುಕೊಳ್ಳಲಿ. ಔಟ್ ಆದವರು ಹೊರಗೆ ಕೂರುವ ಆಟಗಳನ್ನು ಪಾಠದಿಂದ ಕೈಬಿಡಿ. ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರೇ ಅಲ್ಲಿ ಮೊದಲು ಕೂರುತ್ತಾರೆ. ಪರೀಕ್ಷೆ ಹತ್ತಿರವಾದಾಗ ಆಟದ ಪಿರಿಯಡ್ ಬೇರೆ ವಿಷಯಕ್ಕೆ ಹೋಗದಂತೆ, ರದ್ದಾದ ತರಗತಿ ಅದೇ ವಾರ ನಡೆಯಬೇಕೆಂಬ ನಿಯಮವನ್ನೂ ಸೇರಿಸಿ.

ತಂಡದ ಆಯ್ಕೆಯ ನಿಯಮಗಳಲ್ಲಿ ವಯಸ್ಸಿನ ಗಡಿ ದಿನಾಂಕ ಸಣ್ಣ ಸಂಗತಿಯಂತೆ ಕಾಣುತ್ತದೆ. ಜನವರಿ 1 ಗಡಿಯಾದರೆ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳ ಅಂತರ ಎತ್ತರ, ಬಲ ಎರಡರಲ್ಲೂ ಎದ್ದು ಕಾಣುತ್ತದೆ. ತರಬೇತುದಾರ ಅದನ್ನು ಪ್ರತಿಭೆ ಎಂದು ಭಾವಿಸುತ್ತಾನೆ, ಆಯ್ಕೆಯಾದವನಿಗೆ ಹೆಚ್ಚು ತರಬೇತಿ ಸಿಗುತ್ತದೆ, ಅಂತರ ಮತ್ತಷ್ಟು ಹಿಗ್ಗುತ್ತದೆ. ಆಯ್ಕೆಯಾದವರ ಹುಟ್ಟಿದ ತಿಂಗಳುಗಳನ್ನು ಮೂರು ಮೂರು ತಿಂಗಳ ಗುಂಪುಗಳಾಗಿ ಎಣಿಸಿ. ಮೊದಲ ಗುಂಪು ಉಬ್ಬಿದ್ದರೆ ನಿಯಮ ತಿದ್ದಬೇಕು. ಆಯ್ಕೆಯನ್ನು ತಡಮಾಡುವುದು ಅತ್ಯುತ್ತಮ ಮದ್ದು. ನಾರ್ವೆಯ ಕ್ರೀಡಾ ಒಕ್ಕೂಟ 1987ರಿಂದ ಮಕ್ಕಳ ಕ್ರೀಡೆಗೆ ನಿಯಮಗಳನ್ನಿಟ್ಟುಕೊಂಡಿದೆ. ಈಗಿನ ನಿಯಮದಂತೆ 13 ತುಂಬುವ ವರ್ಷದವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ, 11ರವರೆಗೆ ಶ್ರೇಯಾಂಕಪಟ್ಟಿಯೂ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ‘ಪ್ರೋತ್ಸಾಹಿಸಲಾಗುವುದು’ ಎಂಬ ವಾಕ್ಯದಿಂದ ಏನೂ ಆಗದು. ಅಮೆರಿಕದಲ್ಲಿ 1972ರ ‘ಟೈಟಲ್ ನೈನ್’ ಕಾನೂನು ಸಮಾನ ಅವಕಾಶವನ್ನು ಕೇಂದ್ರ ಸರ್ಕಾರದ ಅನುದಾನಕ್ಕೆ ಕಟ್ಟಿತು. ಅದಕ್ಕೂ ಮೊದಲು ಅಲ್ಲಿನ ಪ್ರೌಢಶಾಲಾ ಕ್ರೀಡೆಯಲ್ಲಿ 3 ಲಕ್ಷಕ್ಕಿಂತ ಕಡಿಮೆ ಹುಡುಗಿಯರಿದ್ದರು; 2010ರ ಹೊತ್ತಿಗೆ 30 ಲಕ್ಷ ದಾಟಿದ್ದರು. ಹಣಕ್ಕೆ ಷರತ್ತು ಹಾಕಿ, ಜೊತೆಗೆ ಬಾಗಿಲು ಭದ್ರವಾಗಿರುವ ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆಯನ್ನು ಕಡ್ಡಾಯ ಮಾಡಿ. ಅಂಗವಿಕಲರಿಗೂ ಇದೇ ಮಾತು: ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಕ್ರೀಡೆಯನ್ನು ಹಕ್ಕಾಗಿ ಗುರುತಿಸಿದೆ, ಆದರೆ ಮೈದಾನದ ಗೇಟಿನಲ್ಲಿ ಗಾಲಿಕುರ್ಚಿ ನುಗ್ಗದಿದ್ದರೆ ಆ ಹಕ್ಕು ಅಲ್ಲೇ ನಿಲ್ಲುತ್ತದೆ.

ಶಾಲೆ ಬಿಟ್ಟ ಮೇಲೆ, ಕೆಲಸ ಸಿಕ್ಕಾಗ, ಮಗು ಹುಟ್ಟಿದಾಗ, ನಿವೃತ್ತಿಯಾದಾಗ ಆಟ ಕೈಬಿಡುತ್ತದೆ. ಹೊಸ ಕ್ರೀಡಾಂಗಣ ಕಟ್ಟುವುದಕ್ಕಿಂತ ಶಾಲಾ ಮೈದಾನವನ್ನು ಸಂಜೆ ತೆರೆಯುವುದು ಅಗ್ಗ. ಅದಕ್ಕೆ ಲಿಖಿತ ಒಪ್ಪಂದ ಬೇಕು: ಕೀಲಿ ಯಾರ ಬಳಿ, ದೀಪದ ಬಿಲ್ ಯಾರದು, ಗಾಯವಾದರೆ ವಿಮೆ ಯಾರದು, ಮುರಿದದ್ದನ್ನು ಎಷ್ಟು ದಿನದಲ್ಲಿ ಸರಿಪಡಿಸಬೇಕು. ಇವನ್ನು ಬಾಯಿಮಾತಿಗೆ ಬಿಟ್ಟರೆ ಮುಖ್ಯೋಪಾಧ್ಯಾಯರು ಹೊಣೆಗೆ ಹೆದರಿ ಗೇಟು ಮುಚ್ಚುತ್ತಾರೆ, ಅವರ ಹೆದರಿಕೆಯೂ ನ್ಯಾಯವೇ. ಹಿರಿಯರ ತರಗತಿಗೆ ಹಗಲಿನ ವೇಳೆ, ಹಿಡಿದು ನಿಲ್ಲಲು ಗಟ್ಟಿ ಕುರ್ಚಿ, ಜಾರದ ನೆಲ ಸಾಕು.

ಕೊನೆಯದಾಗಿ ವರದಿಯ ನಮೂನೆ. ಅದರಲ್ಲಿ ಏನನ್ನು ಕೇಳಿದ್ದೀರೋ ಅದೇ ಕೆಲಸ ನಡೆಯುತ್ತದೆ. ಪದಕ ಕೇಳಿದರೆ ಹತ್ತು ಮಕ್ಕಳಿಗೆ ತರಬೇತಿ ಸಿಗುತ್ತದೆ. ನೋಂದಣಿ ಕೇಳಿದರೆ ಉದ್ಘಾಟನೆಯ ದಿನ ಬಂದವರ ಸಂಖ್ಯೆ ಬರುತ್ತದೆ. ಆದ್ದರಿಂದ ಸೇರಿದವರಲ್ಲಿ 12 ವಾರಗಳ ನಂತರವೂ ಬರುತ್ತಿರುವವರೆಷ್ಟು ಎಂಬ ಅಂಕಣವನ್ನು ವಯಸ್ಸು, ಲಿಂಗ, ಅಂಗವೈಕಲ್ಯದ ಪ್ರಕಾರ ಬಿಡಿಸಿ ಕೇಳಿ, ಮುಂದಿನ ಕಂತಿನ ಹಣವನ್ನು ಆ ಅಂಕಣ ತುಂಬಿ ಬಂದ ಮೇಲೆ ಬಿಡುಗಡೆ ಮಾಡಿ.